ಸಹಾಯ ಬೇಕು: ಕೋನದ ಸೆನ್ಸರ್ ಸೊನ್ನೆ ದಾಟುವಾಗ ಸುತ್ತಿನ ಲೆಕ್ಕ ತಪ್ಪದಿರಲು ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಬೆಟಗೇರಿಯ ನೇಕಾರರೊಬ್ಬರಿಗಾಗಿ, ಹಾಸಿನ ನೂಲು ಸುತ್ತುವ ಡ್ರಮ್ ಎಷ್ಟು ತಿರುಗಿತೆಂದು ಅಳೆಯಲು ಎಎಸ್5600 ಸೆನ್ಸರ್ ಅಳವಡಿಸಿದ್ದೇನೆ. ಇದು ಒಂದು ಸುತ್ತನ್ನು 4096 ಭಾಗಗಳಾಗಿ (0ರಿಂದ 4095ರವರೆಗೆ) ಎಣಿಸಿ ಮತ್ತೆ ಸೊನ್ನೆಯಿಂದ ಶುರುಮಾಡುವುದರಿಂದ, 4090ರ ನಂತರ 5 ಬಂದಾಗ ನಿಜವಾದ ವ್ಯತ್ಯಾಸ 11 ಆಗಿದ್ದರೂ ನೇರವಾಗಿ ಕಳೆದರೆ −4085 ಬರುತ್ತದೆ. ವ್ಯತ್ಯಾಸವು 2048 ಮೀರಿದರೆ 4096 ಕಳೆಯುವ, −2048ಕ್ಕಿಂತ ಕೆಳಗಿಳಿದರೆ ಅಷ್ಟನ್ನೇ ಕೂಡಿಸುವ ವಿಧಾನವು ನಿಧಾನಗತಿಯಲ್ಲಿ ಸರಿಯಾಗಿಯೇ ನಡೆಯುತ್ತದೆ (ಸಿ ಪ್ರೋಗ್ರಾಮಿಂಗ್ ಭಾಷೆಯ ಶೇಷ ಲೆಕ್ಕವು ಋಣ ಸಂಖ್ಯೆಗೆ ಋಣ ಉತ್ತರವನ್ನೇ ಕೊಡುವುದರಿಂದ ಅದನ್ನು ಬಳಸಿಲ್ಲ). ಆದರೆ ಮೆಮೊರಿ ಕಾರ್ಡಿಗೆ ಬರೆಯುವ ವಿಳಂಬದಲ್ಲಿ ಡ್ರಮ್ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿದರೆ, ಅದು ಹಿಮ್ಮುಖವಾಗಿ ತಿರುಗಿದಂತೆ ಲೆಕ್ಕ ಸಿಗುತ್ತದೆ. ಸೆನ್ಸರ್ ಓದುವ ಕೆಲಸವನ್ನು ಟೈಮರ್‌ಗೆ ವಹಿಸಿ, ಬರೆಯುವುದನ್ನು ಬೇರ್ಪಡಿಸುವುದು ಲೇಸೋ, ಡ್ರಮ್ಮಿನ ಹಿಂದಿನ ವೇಗದಿಂದ ಅಂದಾಜಿಸಿ ಎಷ್ಟು ತಿರುಗಿತೆಂದು ನಿರ್ಧರಿಸುವುದು ಲೇಸೋ? ನೂಲು ಹರಿದು ಡ್ರಮ್ ಥಟ್ಟನೆ ನಿಂತಾಗ ಎರಡನೆಯದು ಕೈಕೊಡುತ್ತದೆಂಬ ಅನುಮಾನ ನನಗಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.