ಸಹಾಯ ಬೇಕು: ವಸಡಿನ ರೋಗ ಇದ್ದರೆ ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 62 ವರ್ಷ, ಶುಗರ್ ಇದೆ. ವಸಡು ಊದಿಕೊಂಡು, ಬ್ರಷ್ ತಾಗಿದರೆ ಸಾಕು ರಕ್ತ ಬರುತ್ತದೆ. ಎರಡು ದವಡೆ ಹಲ್ಲು ಅಲ್ಲಾಡುತ್ತಿದ್ದವು, ತೆಗೆಸಿದ್ದಾಯಿತು. ಈಗ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿಕೊಂಡೇ ತಿನ್ನುತ್ತಾರೆ, ನೋಡೋಕೆ ಆಗಲ್ಲ.

ಒಬ್ಬ ಡಾಕ್ಟರು ಕೂಡಲೇ ಇಂಪ್ಲಾಂಟ್ ಹಾಕೋಣ ಅಂದರು. ಇನ್ನೊಬ್ಬರು ಮೊದಲು ಡೀಪ್ ಕ್ಲೀನಿಂಗ್ (ವಸಡಿನ ಅಡಿಯವರೆಗೂ ಹಲ್ಲು ಶುಚಿ ಮಾಡುವುದು) ಆಗಲಿ, ಶುಗರ್ ಹತೋಟಿಗೆ ಬರಲಿ, ಇಲ್ಲದಿದ್ದರೆ ಇಂಪ್ಲಾಂಟ್ ಸುತ್ತಲೂ ಸೋಂಕು ಹಿಡಿದು ಮೂಳೆ ಕರಗಬಹುದು ಅಂದರು. ನನಗೆ ಇವರ ಮಾತೇ ಸರಿ ಅನ್ನಿಸುತ್ತಿದೆ. ಎಕ್ಸ್‌ರೇಯಲ್ಲಿ ಈಗಲೇ ಮೂಳೆ ತಗ್ಗಿರುವುದು ಕಾಣುತ್ತದೆ.

ಶುಗರ್, ವಸಡಿನ ರೋಗ ಎರಡೂ ಇದ್ದು ಇಂಪ್ಲಾಂಟ್ ಹಾಕಿಸಿಕೊಂಡವರು ಇದ್ದೀರಾ? ಮೂಳೆ ಕಸಿ ಬೇಕಾಯಿತಾ? ಎಷ್ಟು ತಿಂಗಳು ಹಿಡಿಯಿತು, ಖರ್ಚು ಎಷ್ಟಾಯಿತು? ಮೈಸೂರಿನಲ್ಲಿ ಒಳ್ಳೆ ವಸಡು ತಜ್ಞರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.