ವಿಯೆಟ್ನಾಂ ಯೋಧರ ಡೇಟಾ: ಕಳೆನಾಶಕದ ಗೆರೆಗೂ ಬೆಟಾಲಿಯನ್ ಜಾಗಕ್ಕೂ ತಾಳೆ ಆಗ್ತಿಲ್ಲ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನನ್ನ ಎಂ.ಎಸ್‌ಸಿ. ಪ್ರಾಜೆಕ್ಟ್ ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೈನಿಕರ ಬಗ್ಗೆ. ಯಾರಿಗೆ ಎಷ್ಟು ಕಳೆನಾಶಕ ತಗುಲಿರಬಹುದು ಅಂತ ಅಂಕ ಕೊಡಬೇಕು. ವಿಮಾನದಿಂದ ಸಿಂಪಡಿಸಿದ ದಾಖಲೆ (ಹರ್ಬ್ಸ್ ಫೈಲ್) ಅಕ್ಷಾಂಶ-ರೇಖಾಂಶಕ್ಕೆ ಬದಲಾದ ರೂಪದಲ್ಲೇ ಸಿಕ್ಕಿತು. ಬೆಟಾಲಿಯನ್‌ಗಳ ಜಾಗವನ್ನು ಮಾತ್ರ ಹಳೆಯ ದಿನಚರಿ ನೋಡಿ ನಾನೇ ಟೈಪ್ ಮಾಡಿದೆ. ಎಲ್ಲವೂ ‘ಎಕ್ಸ್‌ಟಿ’ ಅಂತ ಶುರುವಾಗುವ ಮಿಲಿಟರಿ ಗ್ರಿಡ್ ನಂಬರ್. ಕ್ಯೂಜಿಐಎಸ್ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಹಾಕಿದರೆ ಕ್ಯಾಂಪ್‌ಗಳೆಲ್ಲ ಪೂರ್ವಕ್ಕೆ ಸರಿದಿವೆ. ಸೇತುವೆ ಕಾಯುತ್ತಿದ್ದ ತುಕಡಿ ಗದ್ದೆಯ ಮಧ್ಯೆ ಕಾಣುತ್ತದೆ. ಮುಕ್ಕಾಲುಪಾಲು ಜನರಿಗೆ ಅಂಕ ಸೊನ್ನೆ. ಎಲ್ಲಿಂದ ನೋಡಲಿ?

ಭೂಪಟಪ್ರೇಮಿ:
ಮೊದಲು ಡೇಟಮ್ ನೋಡಿ, ಅಂದರೆ ಭೂಮಿಯ ಆಕಾರ ಹೀಗೆ ಅಂತ ಹಿಡಿದು ನಕ್ಷೆಯಲ್ಲಿ ಜಾಗ ಅಳೆಯುವ ಆಧಾರ. ಆ ಕಾಲದ ದಕ್ಷಿಣ ವಿಯೆಟ್ನಾಂ ಮಿಲಿಟರಿ ನಕ್ಷೆಗಳು ‘ಇಂಡಿಯನ್ 1960’ ಡೇಟಮ್ ಮೇಲಿದ್ದವು. ಭೂಮಿಯ ಆಕಾರಕ್ಕೆ ಅಲ್ಲಿ ಹಿಡಿದದ್ದು ನಮ್ಮ ಭಾರತದ ಸರ್ವೆಯ ಜಾರ್ಜ್ ಎವರೆಸ್ಟ್ ಅವರ ಲೆಕ್ಕವನ್ನೇ. ಈಗಿನ ಗ್ರಿಡ್ ಪರಿವರ್ತಕಗಳು ಕೇಳದೇನೇ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಡೇಟಮ್ ಅಂದುಕೊಳ್ಳುತ್ತವೆ. ನಿಮ್ಮ ‘ಎಕ್ಸ್‌ಟಿ’ ಚೌಕದ ತೈ ನಿನ್, ಕು ಚಿ ಭಾಗದಲ್ಲಿ ಹಾಗೆ ಮಾಡಿದರೆ ಬಿಂದು 400 ಮೀಟರಿಗೂ ಜಾಸ್ತಿ ಪೂರ್ವಕ್ಕೆ ಹೋಗುತ್ತದೆ. ನಿಮಗೆ ಆಗಿರುವುದೂ ಅದೇ ಅನ್ಸುತ್ತೆ.

ಗ್ರಿಡ್ ಅಕ್ಷರಗಳನ್ನು ಬಿಡಿಸಿ ಪೂರ್ಣ ಯುಟಿಎಂ ಅಂಕಿ (ಮೀಟರಿನಲ್ಲಿ ಪೂರ್ವ-ಉತ್ತರ ದೂರ) ಮಾಡಿ. ಲೇಯರಿಗೆ ಇಪಿಎಸ್‌ಜಿ 3148 (ಆ ಹಳೆಯ ಡೇಟಮ್‌ನ ಕೋಡ್) ಕೊಡಿ. ಆಮೇಲೆ ಡಬ್ಲ್ಯುಜಿಎಸ್ 84ಕ್ಕೆ ಬದಲಾಯಿಸಿ. 108 ಡಿಗ್ರಿ ರೇಖಾಂಶ ದಾಟಿದ ಜಾಗಗಳಿಗೆ, ಉದಾಹರಣೆಗೆ ದನಾಂಗ್, 3149 ಬೇಕು. ನಿಮ್ಮ ಸೇತುವೆಯನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ.

ಈ 400 ಮೀಟರ್ ಸಣ್ಣದಲ್ಲ. ಕಳೆನಾಶಕ ಸಿಂಪಡಿಸುತ್ತಿದ್ದ ಸಿ-123 ವಿಮಾನದ ಟ್ಯಾಂಕ್‌ನಲ್ಲಿ 1000 ಗ್ಯಾಲನ್ ಇರುತ್ತಿತ್ತು. ಅದು ಸುಮಾರು 80 ಮೀಟರ್ ಅಗಲ, 14 ಕಿಲೋಮೀಟರ್ ಉದ್ದದ ಪಟ್ಟಿಗೆ ಸಾಕಾಗುತ್ತಿತ್ತು. ಅಷ್ಟು ಕಿರಿದಾದ ಪಟ್ಟಿಯ ‘ಒಳಗೋ ಹೊರಗೋ’ ಅಂತ ಕೇಳಿದರೆ ಸೊನ್ನೆಗಳೇ ಬರುತ್ತವೆ. ಆರಂಕಿಯ ಗ್ರಿಡ್ ನಂಬರಿನ ನಿಖರತೆಯೇ 100 ಮೀಟರ್! ಹರ್ಬ್ಸ್ ದಾಖಲೆಯಿಂದ ಸೈನಿಕರಿಗೆ ತಗುಲಿದ್ದನ್ನು ಅಂದಾಜು ಮಾಡಿದ ಜೀನ್ ಸ್ಟೆಲ್ಮನ್ ಮತ್ತು ಅವರ ತಂಡ ಮಾಡಿದ ಹಾಗೆ ದೂರ, ಪ್ರಮಾಣ, ಸಿಂಪಡಿಸಿ ಎಷ್ಟು ದಿನವಾಯಿತು, ಈ ಮೂರನ್ನೂ ತೂಗಿ ದಿನದ ಲೆಕ್ಕದಲ್ಲಿ ಕೂಡಿಸಿ. ಪಡೆ ಬಿಟ್ಟುಹೋದ ಮೇಲೆ ಸಿಂಪಡಿಸಿದ್ದು ಲೆಕ್ಕಕ್ಕೆ ಬರಬಾರದು.

ಗ್ಯಾಲನ್‌ಗಳನ್ನು ಸುಮ್ನೆ ಒಟ್ಟು ಹಾಕಬೇಡಿ. ಡಯಾಕ್ಸಿನ್ ಅನ್ನೋ ವಿಷದ ಬೆರಕೆ ಬಂದದ್ದು 2,4,5-ಟಿ ಅನ್ನೋ ರಾಸಾಯನಿಕ ಇದ್ದ ಏಜೆಂಟ್ ಆರೆಂಜ್, ಪರ್ಪಲ್, ಪಿಂಕ್, ಗ್ರೀನ್‌ಗಳಿಂದ. ಏಜೆಂಟ್ ಬ್ಲೂನಲ್ಲಿ ಇದ್ದದ್ದು ಆರ್ಸೆನಿಕ್. ಅದಕ್ಕೆ ಬೇರೆ ಕಾಲಂ ಇಡಿ.

ತುಂಗಾತೀರ:
ಸೇತುವೆ ಜಾಗಕ್ಕೆ ಬಂತು ಸರ್, ತುಂಬಾ ಧನ್ಯವಾದ. ಅಂಕಗಳೂ ಈಗ ಹರಡಿವೆ. ಆದರೆ ಕದನದ ಅಂಕವೂ (ಯಾರು ಎಷ್ಟು ಕಾದಾಟ ಕಂಡರು ಅನ್ನೋದು) ಕಳೆನಾಶಕದ ಅಂಕವೂ ಒಟ್ಟಿಗೇ ಏರುತ್ತಿವೆ. ಎರಡನ್ನೂ ಮಾಡೆಲ್‌ಗೆ ಹಾಕಿದರೆ ಯಾವುದರ ಪರಿಣಾಮ ಯಾವುದು ಅಂತ ತಿಳಿಯುತ್ತಿಲ್ಲ. ರಕ್ತದ ಡಯಾಕ್ಸಿನ್ ಮಟ್ಟ ಇಟ್ಟುಕೊಂಡು ಸರಿನೋಡಬಹುದಾ?

ಅಂಕಿಸಂಗಾತಿ:
ರಕ್ತದ ದಾರಿಯಲ್ಲಿ ಎಚ್ಚರ ಬೇಕು. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 1987ರಲ್ಲಿ ವಿಯೆಟ್ನಾಂಗೆ ಹೋಗಿದ್ದ 646 ಭೂಸೇನಾ ಯೋಧರ, ಹೋಗದ 97 ಜನರ ರಕ್ತ ನೋಡಿತು. ಎರಡೂ ಗುಂಪಿನ ಸರಾಸರಿ ಟ್ರಿಲಿಯನ್‌ಗೆ 4 ಭಾಗದ ಆಸುಪಾಸು. ಏಜೆಂಟ್ ಆರೆಂಜ್ ಬಗ್ಗೆ ಅವರು ಮಾಡಬೇಕಿದ್ದ ದೊಡ್ಡ ಅಧ್ಯಯನ ಅಲ್ಲಿಗೇ ನಿಂತುಹೋಯಿತು. ಆದರೆ ಡಯಾಕ್ಸಿನ್‌ನ ಅರ್ಧಾಯುಷ್ಯ (ಮೈಯಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಕಾಲ) 7-8 ವರ್ಷ. ಸಿಂಪಡಿಸಿ ಇಪ್ಪತ್ತು ವರ್ಷದ ಹತ್ತಿರ ಆಗಿತ್ತು. ಅಷ್ಟು ಹೊತ್ತಿಗೆ ಸಣ್ಣ ವ್ಯತ್ಯಾಸ ಕರಗಿಹೋಗಿರಬಹುದು, ಅಲ್ವಾ? ರಕ್ತದಲ್ಲಿ ಕಾಣಲಿಲ್ಲ ಅಂದಮಾತ್ರಕ್ಕೆ ಆ ಜನರ ನೋವನ್ನು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಎರಡೂ ಒಟ್ಟಿಗೆ ಏರುವುದು ಸಹಜ. ಶತ್ರು ಅಡಗಿದ್ದ ಕಾಡಿನ ಮೇಲೇ ಸಿಂಪಡಿಸಿದ್ದು, ಅಲ್ಲೇ ಕಾದಾಡಿದ್ದು. ನಿಮ್ಮ ಕದನದ ಅಂಕ ಎಲ್ಲಿಂದ ಬಂತು? ಟೆರೆನ್ಸ್ ಕೀನ್ ತಂಡದ ಏಳು ಪ್ರಶ್ನೆಗಳ ಮಾಪನ ಆದರೆ ಅದು ಯೋಧರ ನೆನಪಿನ ಮೇಲೆ ನಿಂತದ್ದು. ಈಗ ನರಳುತ್ತಿರುವವರಿಗೆ ಹಳೆಯದು ಇನ್ನೂ ಗಾಢವಾಗಿ ನೆನಪಾಗಬಹುದು. ಅದರ ಜೊತೆ ದಾಖಲೆಯಿಂದಲೂ ಒಂದು ಅಂಕ ಮಾಡಿ: ಸೈನಿಕನ ಕೆಲಸ ಏನು, ಅವನ ಪಡೆಯಲ್ಲಿ ಆ ತಿಂಗಳು ಸತ್ತವರೆಷ್ಟು. ಬ್ರೂಸ್ ಡೋರನ್ವೆಂಡ್ ತಂಡ 2006ರಲ್ಲಿ ಇದೇ ರೀತಿ ಮಾಡಿತು. ದಾಖಲೆಯ ಅಂಕ ಹೆಚ್ಚಿದಷ್ಟೂ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ, ಅಂದರೆ ಪಿಟಿಎಸ್‌ಡಿ ಹೆಚ್ಚಿದ್ದು ಅಲ್ಲೂ ಕಂಡಿತು.

ಎರಡನ್ನೂ ಬಿಡಿಸಬೇಕಾದರೆ ಕಾದಾಡದೆ ರಾಸಾಯನಿಕ ಮುಟ್ಟಿದವರು ಬೇಕು. ನಿಮ್ಮ ಡೇಟಾದಲ್ಲಿ ಕೆಮಿಕಲ್ ಕೋರ್‌ನವರು ಇದ್ದಾರಾ? ಕ್ಯಾಂಪ್ ಬೇಲಿಯ ಸುತ್ತ ಕೈಪಂಪು, ಲಾರಿ, ಹೆಲಿಕಾಪ್ಟರ್‌ನಿಂದ ಹೊಡೆಯುತ್ತಿದ್ದವರು ಅವರೇ. ಆ ಕೆಲಸದ ಬಹುಪಾಲು ಹರ್ಬ್ಸ್ ಫೈಲ್‌ನಲ್ಲಿ ಇಲ್ಲ. ಹಾಗಾಗಿ ಬೇಲಿಯೊಳಗೇ ಇದ್ದವರಿಗೆ ಬಂದಿರುವ ಸೊನ್ನೆಯನ್ನು ‘ಗೊತ್ತಿಲ್ಲ’ ಅಂತ ಗುರುತು ಮಾಡಿ, ಅವರನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಮಾಡೆಲ್ ಓಡಿಸಿ.

ತುಂಗಾತೀರ:
ಕೆಮಿಕಲ್ ಕೋರ್‌ನವರು ಇದ್ದಾರೆ, ಕೆಲಸದ ಕೋಡ್‌ನಿಂದ ಬೇರೆ ಮಾಡಬಹುದು. ತಿಂಗಳವಾರು ಸಾವಿನ ಪಟ್ಟಿ ಜೋಡಿಸಿ ಎರಡೂ ಫಲಿತಾಂಶ ಇಲ್ಲೇ ಹಾಕುತ್ತೇನೆ.