ಪದಚರ್ಚೆ: ಕಂಪನಿಯ ‘ರಾಜಕೀಯ ತಂತ್ರ’ – ವಶೀಲಿಯೋ, ಲಾಬಿಯೋ, ಅಹವಾಲೋ?

ಎಲ್ಲರಿಗೂ ನಮಸ್ಕಾರ.

ಬಿ.ಕಾಂ. ಪಠ್ಯವೊಂದರ ಅನುವಾದದಲ್ಲಿ ಸಿಕ್ಕಿಕೊಂಡಿದ್ದೇನೆ. ‘ಪೊಲಿಟಿಕಲ್ ಸ್ಟ್ರ್ಯಾಟಜಿ’ಯನ್ನು ‘ರಾಜಕೀಯ ತಂತ್ರ’ ಮಾಡಿ, ‘ಮ್ಯಾನೇಜರುಗಳು ರಾಜಕೀಯ ತಂತ್ರಕ್ಕೆ ಇಳಿಯುವುದೇಕೆ?’ ಎಂದು ತಲೆಬರಹ ಕೊಟ್ಟೆ. ಓದಿದ ತಂಗಿಯ ಮಗಳು ‘ಪ್ರಮೋಷನ್‌ಗೆ ತಾನೇ?’ ಅಂದಳು. ಆಫೀಸಿನ ಚಾಡಿ, ಗುಂಪುಗಾರಿಕೆ ಅಂದುಕೊಂಡಿದ್ದಾಳೆ! ತಪ್ಪು ಅವಳದಲ್ಲ, ‘ರಾಜಕೀಯ ಮಾಡಬೇಡ’ ಅಂತ ಮನೆಯಲ್ಲೂ ಬಯ್ಯುತ್ತೇವಲ್ಲ.

ಪಠ್ಯ ಹೇಳುವುದು ಬೇರೆ. ಸರ್ಕಾರದ ಒಂದು ನಿಯಮ ಬದಲಾದರೆ ಕಂಪನಿಯ ಖರ್ಚು, ಪೈಪೋಟಿ ಎಲ್ಲ ಏರುಪೇರು. ಅದಕ್ಕೇ ಮಾರುಕಟ್ಟೆಯ ಮೇಲೆ ಕಣ್ಣಿಟ್ಟ ಹಾಗೆ ವಿಧಾನಸೌಧದ ಮೇಲೂ ಇಡಬೇಕು. 2024ರ ಜುಲೈ ನೆನಪಿಸಿಕೊಳ್ಳಿ: ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಕಂಪನಿಗಳು ಬೇರೆಡೆಗೆ ಹೋಗಬೇಕಾದೀತು ಎಂದು ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಹೇಳಿಕೆ ಕೊಟ್ಟಿತು. ಮಸೂದೆಯನ್ನು ತಡೆಹಿಡಿದರು.

ಇದನ್ನು ಏನೆನ್ನೋಣ? ‘ವಶೀಲಿ’ ಒಗ್ಗದು. ಅದು ಮಗನ ಸೀಟಿಗೋ ವರ್ಗಾವಣೆಗೋ ಗುಟ್ಟಾಗಿ ಹೇಳಿಸುವುದು. ಇವರು ಹೇಳಿದ್ದು ಊರಿಗೆಲ್ಲ ಕೇಳುವಂತೆ. ‘ಲಾಬಿ’ ಹತ್ತಿರ ಬರುತ್ತದೆ. ಆದರೆ ನಮ್ಮ ಪತ್ರಿಕೆಗಳಲ್ಲಿ ಸಚಿವ ಸ್ಥಾನಕ್ಕೆ ದೆಹಲಿಗೆ ಓಡುವುದೂ ಲಾಬಿ, ‘ಖಾಸಗಿ ಬಸ್ ಲಾಬಿ’ ಅಂದಾಗ ಆ ಗುಂಪೂ ಲಾಬಿ. ಎರಡರಲ್ಲೂ ಬೈಗುಳದ ವಾಸನೆ. ಅಮೆರಿಕದಲ್ಲಿ 1995ರ ಕಾನೂನಿನಂತೆ ಲಾಬಿಗಾರರು ನೋಂದಣಿ ಮಾಡಿಸಿಕೊಂಡು ಲೆಕ್ಕ ಒಪ್ಪಿಸುತ್ತಾರೆ, ಅದೊಂದು ವೃತ್ತಿ. ನಮ್ಮಲ್ಲಿ ಅಂಥ ಕಾನೂನಿಲ್ಲ, ಮರ್ಯಾದೆಯ ಪದವೂ ಹುಟ್ಟಲಿಲ್ಲ ಅಂತ ನನ್ನ ಗುಮಾನಿ.

‘ಅಹವಾಲು’ ಅನ್ನಬಹುದಿತ್ತು. ಆದರೆ ಅಹವಾಲು ಕೈಕಟ್ಟಿ ನಿಂತು ಹೇಳಿಕೊಳ್ಳುವುದು. ಗಂಟುಮೂಟೆ ಕಟ್ಟುವ ಮಾತಾಡುವವರದು ಅಹವಾಲು ಹೇಗಾದೀತು?

ಇನ್ನು ಪಕ್ಷಗಳಿಗೆ ಕೊಡುವ ಹಣ. 2013ರ ಕಂಪನಿ ಕಾಯ್ದೆ ಇದಕ್ಕೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿ ಹಾಕಿತ್ತು, 2017ರಲ್ಲಿ ತೆಗೆದರು, 2024ರ ಫೆಬ್ರುವರಿಯಲ್ಲಿ ಚುನಾವಣಾ ಬಾಂಡ್‌ ಜೊತೆಗೆ ಆ ತಿದ್ದುಪಡಿಯನ್ನೂ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಇದನ್ನೂ ‘ದೇಣಿಗೆ’ ಎಂದೇ ಬರೆದಿದ್ದೇನೆ, ಬರೆಯುವಾಗಲೆಲ್ಲ ದೇವಸ್ಥಾನದ ರಸೀದಿ ಪುಸ್ತಕ ಕಣ್ಣಮುಂದೆ ಬರುತ್ತದೆ.

ತಲೆಬರಹಕ್ಕೆ ಸದ್ಯ ‘ಸರ್ಕಾರದ ನೀತಿಯನ್ನು ತಮ್ಮತ್ತ ತಿರುಗಿಸಿಕೊಳ್ಳುವ ಕಾರ್ಯತಂತ್ರ’ ಎಂದಿಟ್ಟಿದ್ದೇನೆ. ರೈಲಿನಷ್ಟು ಉದ್ದ. ಎಪಿಎಂಸಿ ವರ್ತಕರ ಒಡನಾಟ ಇರುವವರು ಯಾರಾದರೂ ಇದ್ದೀರಾ? ಸೆಸ್ ಇಳಿಸಿ ಅಂತ ಮಂತ್ರಿಗಳ ಹತ್ತಿರ ಹೋಗುವುದನ್ನು ಅವರು ‘ನಿಯೋಗ’ ಎನ್ನುತ್ತಾರೋ, ತಮ್ಮತಮ್ಮಲ್ಲೇ ಬೇರೆ ಮಾತಿದೆಯೋ?